ನೀವು ಮರೆತು ಹೋದ ಡಬ್ಬಿ ನಮ್ಮಲ್ಲಿ ಕ್ಷೇಮ

ಹೋದ ಡಿಸೆಂಬರ್ ಕೊನೇ ವಾರ ನಮ್ಮ ತೋಟದ ಬೇಲಿಯಾಚೆ ಗುಡ್ಡದ ಮೇಲೆ ಟೆಂಟು ಹಾಕಿದ್ದ ಮಹನೀಯರಿಗೆ,

ಮೂಡಿಗೆರೆ ಸೀಮೆಯ ಸಣ್ಣ ಬೆಳೆಗಾರನೊಬ್ಬನ ನಮಸ್ಕಾರ. ನಿಮ್ಮ ಹೆಸರು, ವಿಳಾಸ ಗೊತ್ತಿಲ್ಲದ್ದರಿಂದ ಹೀಗೆ ಊರೆಲ್ಲ ಓದುವಂತೆ ಬರೆಯಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ತಾರೀಕು ಗೊತ್ತಾದದ್ದು ನೀವು ಬಿಟ್ಟುಹೋದ ಬ್ರೆಡ್ ಕವರಿನಿಂದ.

ವಿಷಯ ಇಷ್ಟೇ. ನೀವೊಂದು ಗ್ಯಾಸ್ ಡಬ್ಬಿ ಮರೆತು ಹೋಗಿದ್ದೀರಿ. ಗೇಣುದ್ದ, ಸೊಳ್ಳೆ ಔಷಧದ ಡಬ್ಬಿಯಂಥದ್ದು, ಮೈಮೇಲೆ 'ಬ್ಯೂಟೇನ್, 220 ಗ್ರಾಂ' ಎಂದು ಬರೆದಿದೆ. ಎಸೆದು ಹೋಗಿದ್ದಾರೆ ಎಂದು ನಮ್ಮ ಮನೆಯವಳ ವಾದ. ನಾನು ಒಪ್ಪಲಿಲ್ಲ. ಕಾರಿನ ಹಿಂದೆ 'ಪಶ್ಚಿಮಘಟ್ಟ ಉಳಿಸಿ' ಎಂದು ಅಂಟಿಸಿಕೊಂಡು ಬರುವ ಜನ ಎಸೆಯುತ್ತಾರೆಯೇ? ಲಂಟಾನ ಪೊದೆಯ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಅಷ್ಟು ಜೋಪಾನವಾಗಿ ಇಟ್ಟಿದ್ದಿರಿ. ಅಮೂಲ್ಯ ವಸ್ತುವೇ ಇರಬೇಕು.

ಜನವರಿಯಲ್ಲಿ ನಾವು ಬೇಲಿ ಸಾಲಿನ ಹುಲ್ಲು ಸವರಿ ಬೆಂಕಿ ರೇಖೆ ಮಾಡುತ್ತೇವೆ. ಗುಡ್ಡಕ್ಕೆ ಬಿದ್ದ ಬೆಂಕಿ ತೋಟಕ್ಕೆ ಇಳಿಯದಿರಲಿ ಅಂತ. ಹುಡುಗ ಕಳೆ ಹೊಡೆಯೋ ಮಷಿನ್ ಬೀಸುತ್ತ ಪೊದೆ ಹತ್ತಿರ ಬಂದವನೇ ಬ್ಲೇಡಿಗೆ ಏನೋ 'ಟಣ್' ಎಂದಾಗ ಮಷಿನ್ ಆರಿಸಿದ. ಡಬ್ಬಿಯ ಸೊಂಟದಲ್ಲಿ ಉಗುರಗಲದ ನೆಗ್ಗು. ಬಣ್ಣ ಹಾರಿ ತಗಡು ಬಿಳುಪಾಗಿ ಕಾಣುತ್ತಿತ್ತು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, 'ಅಣ್ಣಾ, ಇದ್ರೊಳಗೆ ನೀರಿದೆ' ಅಂದ. ನೀರಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕಾದ ಎಂಜಿನ್ನು ಅವನ ಬೆನ್ನಿಗೇ ಜೋತು ಬಿದ್ದಿತ್ತು.

ನೀವು ಸುಳ್ಳು ಹೇಳುವವರಲ್ಲ, ಗೊತ್ತು. 'ಖಾಲಿ ಆಗಿತ್ತು ಸಾರ್, ಉರೀತಾನೇ ಇರಲಿಲ್ಲ' ಅನ್ನುತ್ತೀರಿ. ಉರಿದಿರಲಿಕ್ಕಿಲ್ಲ. ಬ್ಯೂಟೇನ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಕುದಿಯುವ ವಸ್ತು. ಡಬ್ಬಿಯಲ್ಲಿ ದ್ರವವಾಗಿ ಕೂತಿದ್ದು, ಆವಿಯಾಗಿ ಮೇಲೆ ಬಂದು ಉರಿಯುತ್ತದೆ. ಆವಿಯಾಗುವಾಗ ಡಬ್ಬಿಯ ಬಿಸಿಯನ್ನೇ ಹೀರಿಕೊಳ್ಳುತ್ತದೆ. ಅದರ ಮೇಲೆ ನಮ್ಮ ಗುಡ್ಡದ ಡಿಸೆಂಬರ್ ಬೆಳಗಿನ ಚಳಿ. ನಿಮ್ಮ ಮ್ಯಾಗಿ ಅರ್ಧ ಬೇಯುವಷ್ಟರಲ್ಲಿ ಉರಿ ಸೋತಿತು, ಮುಗಿಯಿತು ಎಂದು ನೀವು ಹೊರಟಿರಿ. ಮುಗಿದಿರಲಿಲ್ಲ, ಅದಕ್ಕೆ ಚಳಿಯಾಗಿತ್ತು. ಅಂಗೈಯಲ್ಲಿ ಹಿಡಿದುಕೊಂಡಿದ್ದರೆ, ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟಿದ್ದರೆ ಮತ್ತೆ ಉರಿಯುತ್ತಿತ್ತು. ಈಗ ಮಾರ್ಚ್. ಚಳಿ ಬಿಟ್ಟಿದೆ, ಡಬ್ಬಿಗೂ ಜೀವ ಬಂದಿದೆ.

ಇನ್ನು ಅದರ ವಾಸ್ತವ್ಯದ ವಿಚಾರ. ದೀಪಾವಳಿಗೆ ಬಂದ ಹೊಸ ಅಳಿಯನಿಗೂ ನಾವು ಇಷ್ಟು ಯೋಚನೆ ಮಾಡಿದವರಲ್ಲ. 50 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಬಾರದು ಎಂದು ಮೈಮೇಲೆ ಬರೆದುಕೊಂಡು ಬಂದಿದೆ. ಹಾಗಾಗಿ ಕಾಫಿ ಕಣದ ಬಿಸಿಲಿಗೆ ಇಡುವಂತಿಲ್ಲ. ಬಚ್ಚಲೊಲೆ ಹತ್ತಿರ ಸುಳಿಯುವಂತಿಲ್ಲ. ಮನೆಯೊಳಗೆ ಇಡೋಣವೆಂದರೆ ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಮೂಲೆಯಲ್ಲಿ ತುಂಬಿಕೊಳ್ಳುತ್ತದೆ. ಸದ್ಯ ಸೌದೆ ಕೊಟ್ಟಿಗೆಯ ಹಿಂದೆ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದು ಕುಕ್ಕೆಯಲ್ಲಿ ಕೂರಿಸಿದ್ದೇವೆ. ಮಕ್ಕಳಿಗೆ ಆ ಕಡೆ ಪ್ರವೇಶ ನಿಷೇಧ.

ಮರುಬಳಕೆ ಮಾಡಿ ಎಂದೀರಿ. ಸ್ವಾಮಿ, ಮಲೆನಾಡಿನವರಿಗೆ ಆ ಪಾಠ ಬೇಡ. ಡಾಲ್ಡಾ ಡಬ್ಬದಲ್ಲಿ ಸೇವಂತಿಗೆ ಬೆಳೆದವರು ನಾವು. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಇಡೀ ಮಳೆಗಾಲ ಹೊದ್ದವರು. ಖಾಲಿ ಬಾಟಲಿಗಳನ್ನು ಬೇಲಿಗೆ ಕಟ್ಟಿ, ಆನೆ ಬಂತೋ ಎಂದು ರಾತ್ರಿಯೆಲ್ಲ ಕಿಣಿಕಿಣಿ ಆಲಿಸಿದವರು. ಆದರೆ ಒತ್ತಡದಲ್ಲಿರುವ ಗ್ಯಾಸ್ ಡಬ್ಬಿಗೆ ಗರಗಸ ಹಾಕಿ ಪೆನ್ನಿನ ಸ್ಟ್ಯಾಂಡು ಮಾಡುವಷ್ಟು ಪೆನ್ನುಗಳು ನಮ್ಮ ಮನೆಯಲ್ಲಿಲ್ಲ.

ಅದನ್ನೇ ಮತ್ತೆ ತುಂಬಿಸಿಕೊಳ್ಳುವ ಯೋಚನೆ ನಿಮಗಿದ್ದರೆ ಬಿಟ್ಟುಬಿಡಿ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರಿನಿಂದ ಇದಕ್ಕೆ ಗ್ಯಾಸ್ ಇಳಿಸುವ ಹಿತ್ತಾಳೆ ನಳಿಕೆಗಳ ವಿಡಿಯೊ ನಾನೂ ನೋಡಿದ್ದೇನೆ. ಅಡುಗೆ ಗ್ಯಾಸಿನಲ್ಲಿ ಪ್ರೊಪೇನ್ ಕೂಡ ಬೆರೆತಿರುತ್ತದೆ. ಅದರ ಒತ್ತಡ ಬರೀ ಬ್ಯೂಟೇನಿಗಿಂತ ಎಷ್ಟೋ ಹೆಚ್ಚು. ಈ ತೆಳು ತಗಡು ಒಂದೇ ಸಲದ ಬಳಕೆಗೆ ಮಾಡಿದ್ದು. ಅದೂ ನಮ್ಮ ಹುಡುಗನ ಬ್ಲೇಡಿನ ಗುರುತು ಹೊತ್ತದ್ದು!

ಗುಜರಿಯವನು ಬಂದಿದ್ದ. ಕಬ್ಬಿಣ, ತಗಡು, ಮುರಿದ ಕುರ್ಚಿ ಎಲ್ಲ ತೂಗಿದ. ಇದನ್ನು ಮಾತ್ರ ಮುಟ್ಟಲಿಲ್ಲ. 'ತೂತು ಮಾಡಿ ಕೊಡಿ' ಅಂದ. ನೀನೇ ಮಾಡಪ್ಪಾ ಅಂದೆ. ಸ್ಕೂಟರ್ ಸ್ಟಾರ್ಟ್ ಮಾಡಿದ. ಪಂಚಾಯಿತಿಯ ಸ್ವಚ್ಛ ವಾಹಿನಿ ಓಡಿಸುವ ಹೆಣ್ಣುಮಗಳು ಒಣಕಸದ ಚೀಲ ಬಿಚ್ಚಿ ನೋಡಿ, ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಜಗಲಿ ಮೇಲಿಟ್ಟು ಹೋದಳು. ಅವಳು ಮಾಡಿದ್ದೇ ಸರಿ. ಘಟಕದಲ್ಲಿ ಕಸವನ್ನು ಒತ್ತಿ ಹೊರೆ ಕಟ್ಟುತ್ತಾರೆ, ಗ್ಯಾಸಿರುವ ಡಬ್ಬಿ ಅದರ ಮಧ್ಯೆ ಸಿಕ್ಕಿದರೆ ಅಲ್ಲಿರುವ ಹೆಂಗಸರ ಗತಿ?

ಪಕ್ಕದ ಊರಿನವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಇಂಥದೇ ಒಂದು ಡಬ್ಬಿ ಗುಡಿಸಿದ ದರಗಿನ ಜೊತೆ ಬೆಂಕಿಗೆ ಹೋಯಿತು. ಸಂಜೆ ಆರರ ಹೊತ್ತಿಗೆ 'ಢಂ' ಎಂದ ಸದ್ದಿಗೆ ವಾಟ್ಸಾಪ್ ಗುಂಪಿನಲ್ಲಿ ಹದಿನಾಲ್ಕು ಜನ 'ಆನೆ ಯಾವ ಕಡೆ?' ಎಂದು ಕೇಳಿದರು. ಆನೆ ಓಡಿಸಲು ಗರ್ನಾಲು ಹೊಡೆದರು ಅಂತಲೇ ಎಲ್ಲರೂ ತಿಳಿದದ್ದು. ಯಾರಿಗೂ ಏನೂ ಆಗಲಿಲ್ಲ. ಡಬ್ಬಿಯ ತಳ ಮಾತ್ರ ಸಿಲ್ವರ್ ಮರದ ತೊಗಟೆಯಲ್ಲಿ ನಾಟಿ ನಿಂತಿತ್ತು.

ತೂತು ಮಾಡಿ ಗ್ಯಾಸ್ ಬಿಟ್ಟುಬಿಟ್ಟರೆ ಆಯಿತಲ್ಲ ಎಂದು ನೀವು ಹೇಳುವ ಮೊದಲೇ ಜಪಾನಿನ ಸಪ್ಪೊರೊ ಊರಿನದೊಂದು ಸುದ್ದಿ. 2018ರ ಡಿಸೆಂಬರ್‌ನಲ್ಲಿ ಅಲ್ಲೊಂದು ಕಚೇರಿಯಲ್ಲಿ ನೂರಕ್ಕೂ ಹೆಚ್ಚು ಸ್ಪ್ರೇ ಡಬ್ಬಿಗಳ ಗ್ಯಾಸನ್ನು ಕೋಣೆಯೊಳಗೇ ಖಾಲಿ ಮಾಡಿ, ಆಮೇಲೆ ಕೈತೊಳೆಯಲು ನೀರು ಕಾಯಿಸುವ ಯಂತ್ರ ಹಚ್ಚಿದರು. ಕಟ್ಟಡ ಹಾರಿಹೋಯಿತು, ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಜಪಾನಿನವರ ಅಚ್ಚುಕಟ್ಟಿಗೇ ಹೀಗಾದರೆ ನಮ್ಮ ಮೊಳೆ-ಸುತ್ತಿಗೆಯ ಕಥೆ ಏನು? ಕ್ಯಾಲಿಫೋರ್ನಿಯದವರು ಈ ರಗಳೆಯೇ ಬೇಡ ಎಂದು, ಅಲ್ಲಿಯ ಒಂದು ಪೌಂಡಿನ ಬಳಸಿ ಬಿಸಾಡುವ ಪ್ರೊಪೇನ್ ಸಿಲಿಂಡರುಗಳ ಮಾರಾಟವನ್ನೇ 2028ರ ಜನವರಿ 1ರಿಂದ ನಿಲ್ಲಿಸಲು ಕಾನೂನು ಮಾಡಿದ್ದಾರೆ.

ವಿಳಾಸ ಹೇಗಾದರೂ ಪತ್ತೆಮಾಡಿ ನಿಮಗೇ ಕಳಿಸಿಕೊಡೋಣ ಎಂದೂ ನೋಡಿದೆ. ಅಂಚೆ, ಕೊರಿಯರ್ ಯಾರೂ ಮುಟ್ಟುವುದಿಲ್ಲ. ವಿಮಾನಕ್ಕಂತೂ ಹತ್ತಿಸುವುದಿಲ್ಲ. ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತಲ್ಲ, ಅದರಲ್ಲಿ ನಾನೇ ತರೋಣವೆಂದರೆ, ಇಂಥ ವಸ್ತು ಒಯ್ದವನಿಗೆ 1989ರ ರೈಲ್ವೆ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. ಅದು ಬರೀ ಬೆದರಿಕೆಯಲ್ಲ. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ ಕದ್ದುಮುಚ್ಚಿ ತಂದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಇಲ್ಲಿ ತಮಾಷೆ ಮಾಡಲು ನನಗೆ ಮನಸ್ಸಿಲ್ಲ.

ಹಾಗಾಗಿ ನೀವೇ ಬನ್ನಿ. ನಿಮ್ಮ ಕಾರಿನಲ್ಲಿ, ಬಿಸಿಲು ತಾಗದ ಹಾಗೆ ಇಟ್ಟು, ದಾರಿಯಲ್ಲಿ ಎಲ್ಲೂ ಕಾರನ್ನು ಬಿಸಿಲಿಗೆ ನಿಲ್ಲಿಸದೆ ಒಯ್ಯಿರಿ. ನೆಗ್ಗು ಬಿದ್ದ ಡಬ್ಬಿಯನ್ನು ಮತ್ತೆ ಸ್ಟವ್‌ಗೆ ಹಾಕುವ ಧೈರ್ಯ ಮಾಡಬೇಡಿ. ಅಪಾಯಕಾರಿ ಕಸ ಯಾರು ತೆಗೆದುಕೊಳ್ಳುತ್ತಾರೆ ಎಂದು ನಿಮ್ಮ ನಗರಪಾಲಿಕೆಯವರನ್ನು ವಿಚಾರಿಸಿ, 'ಒಳಗೆ ಗ್ಯಾಸಿದೆ' ಎಂದು ಬಾಯಿಬಿಟ್ಟು ಹೇಳಿ ಕೈಗೆ ಕೊಡಿ. ನೆಟ್ಟಗಿರುವ ಇನ್ನೂ ನಾಲ್ಕು ನಿಮ್ಮ ಮನೆಯಲ್ಲಿದ್ದರೆ, ಕಿಟಕಿ ತೆಗೆದಿಟ್ಟು ಅದರಲ್ಲೇ ದಿನಾ ಕಾಫಿ ಕಾಯಿಸಿ, ಉರಿ ತಾನಾಗಿ ಆರುವ ತನಕ. ಹೊಸತು ತಂದಾಗ ತಕ್ಕಡಿಯಲ್ಲಿಟ್ಟು ತೂಕವನ್ನು ಡಬ್ಬಿ ಮೇಲೇ ಬರೆದಿಡಿ. ಅದರಿಂದ 220 ಗ್ರಾಂ ಇಳಿದರೆ ಖಾಲಿ, ಇಳಿಯದಿದ್ದರೆ ಇಲ್ಲ. ಖಾಲಿಯಾದದ್ದನ್ನೂ ಕಸದ ಬುಟ್ಟಿಗೆ ಹಾಕದೆ ಬೇರೆಯಾಗಿಯೇ ಕೊಡಿ.

ಮುಂದಿನ ಸಲ ಬರುವಾಗ ಸ್ಟವ್ ಬೇಕೇ ಎಂದೂ ಸ್ವಲ್ಪ ಯೋಚಿಸಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಸಿಗುತ್ತದೆ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಯಾರನ್ನೂ ಹಸಿದು ಕಳಿಸಿದವಳಲ್ಲ. ನಾಲ್ಕು ಸಾವಿರದ ಬೂಟು ಹಾಕಿಕೊಂಡು ಗುಡ್ಡ ಹತ್ತಿ, ಕಾಫಿ ತೋಟದ ನಡುವೆ ಕೂತು, ಪೊಟ್ಟಣದ ಇನ್‌ಸ್ಟಂಟ್ ಕಾಫಿ ಕುಡಿಯುವುದನ್ನು ನೋಡಿದರೆ ಬಾಬಾ ಬುಡನ್ನರು ಯೆಮನ್ನಿನಿಂದ ತಂದರೆನ್ನುವ ಆ ಏಳು ಬೀಜಗಳಿಗೆ ಏನನ್ನಿಸಬೇಕು?

ಬರುವ ಮುಂಚೆ ಫೋನ್ ಮಾಡಿ ಅನ್ನೋಣವೆಂದರೆ ನಮ್ಮಲ್ಲಿ ಸಿಗ್ನಲ್ ನೆಚ್ಚುವಂತಿಲ್ಲ. ಸುಮ್ಮನೆ ಬನ್ನಿ, ಊಟದ ಹೊತ್ತಿಗೆ ಬನ್ನಿ. ಹೂಮಳೆ ಬಿದ್ದರೆ ತೋಟವೆಲ್ಲ ಬೆಳ್ಳಗೆ ಅರಳಿರುತ್ತದೆ, ಅದನ್ನೂ ನೋಡಿಕೊಂಡು ಹೋಗಬಹುದು.

ಇತಿ,
ನಿಮ್ಮ ಡಬ್ಬಿಯ ಕಾವಲುಗಾರ

ವಿ.ಸೂ.: ಡಬ್ಬಿಯ ಕೆಂಪು ಪ್ಲಾಸ್ಟಿಕ್ ಮುಚ್ಚಳವೂ ಅಲ್ಲೇ ಸಿಕ್ಕಿತು. ಅದನ್ನು ಮಾತ್ರ ವಾಪಸ್ ಕೇಳಬೇಡಿ, ನಮ್ಮ ಕೋಳಿಮರಿಗಳು ಅದರಲ್ಲಿ ನೀರು ಕುಡಿಯಲು ಕಲಿತುಬಿಟ್ಟಿವೆ.