ಗಡಿಯಾಚೆಯ ದೋಸೆ

ಕೆನಡಾದ ವಿಂಡ್ಸರಿನಲ್ಲಿ ಹೊಸದಾಗಿ ಇಂಡಿಯನ್ ಹೋಟೆಲು ತೆಗೆಯುವವರು ನಗರಸಭೆಯಿಂದ ಲೈಸೆನ್ಸು ಪಡೆಯುತ್ತಾರೆ, ಆರೋಗ್ಯ ಇಲಾಖೆಯ ತಪಾಸಣೆ ಮುಗಿಸುತ್ತಾರೆ, ಬೋರ್ಡು ಏರಿಸಿ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ. ಇಲ್ಲಿಗೆ ಎಲ್ಲ ಗಂಡಾಂತರ ಕಳೆಯಿತು ಎಂದುಕೊಂಡಿರುತ್ತಾರೆ, ಪಾಪ. ರಾಯರು ಇನ್ನೂ ಬಂದಿರುವುದಿಲ್ಲ.

ರಾಯರು ಬರುವುದು ಶನಿವಾರ, ಬಾಗಿಲು ತೆರೆದ ಗಳಿಗೆಗೆ. ಕಾವಲಿ ಇನ್ನೂ ಪೂರ್ತಿ ಕಾದಿರುವುದಿಲ್ಲ. ಮೊದಲ ದೋಸೆ ಯಾರ ಮನೆಯಲ್ಲೂ ನೆಟ್ಟಗೆ ಏಳುವುದಿಲ್ಲ ಎಂಬುದು ದೋಸೆ ಹೊಯ್ದವರಿಗೆಲ್ಲ ಗೊತ್ತು. ರಾಯರಿಗೆ ಆ ಮೊದಲ ದೋಸೆಯೇ ಬೇಕು. "ಹತ್ತನೇ ದೋಸೆ ಯಾರು ಬೇಕಾದ್ರೂ ಚೆನ್ನಾಗಿ ಹೊಯ್ತಾರೆ ಕಣ್ರೀ. ಯೋಗ್ಯತೆ ಗೊತ್ತಾಗೋದು ಮೊದಲನೇದರಲ್ಲಿ" ಎನ್ನುತ್ತಾರೆ.

ಅವರನ್ನು ಬೈದು ಪ್ರಯೋಜನವಿಲ್ಲ, ವೃತ್ತಿಯೇ ಅಂಥದ್ದು. ವಿಂಡ್ಸರ್ ಕಾರಿನ ಊರು. 1928ರಿಂದ ಇಲ್ಲಿ ಕ್ರೈಸ್ಲರ್‌ನವರ ಕಾರ್ಖಾನೆ ಇದೆ. ಅದರ ಸುತ್ತ ಅಚ್ಚು ಮಾಡುವವರು, ಬಿಡಿಭಾಗ ಮಾಡುವವರು ಬೀದಿಗೊಬ್ಬರು. ಅಂಥದ್ದೊಂದು ಕಂಪನಿಯಲ್ಲಿ ರಾಯರು ಕ್ವಾಲಿಟಿ ಎಂಜಿನಿಯರು. ವಾರದಲ್ಲಿ ಐದು ದಿನ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಾರೆ. ಉಳಿದೆರಡು ದಿನ ಅದೇ ಕೆಲಸವನ್ನು ಕೈಯಿಂದ ದುಡ್ಡು ಕೊಟ್ಟು ಮಾಡುತ್ತಾರೆ. ಊರಿನ ಹೋಟೆಲುಗಳದೆಲ್ಲ ಒಂದು ಎಕ್ಸೆಲ್ ಪಟ್ಟಿ ಅವರ ಹತ್ತಿರ ಇದೆ. ಸಾಂಬಾರು, ಚಟ್ನಿ, ಪಲ್ಯ, ಗರಿ, ಬಣ್ಣ, ಪಾರ್ಕಿಂಗು ಎಂದು ಅದರಲ್ಲಿ ಒಂದೊಂದಕ್ಕೂ ಕಾಲಮ್ಮು. ಕೊನೆಯ ಕಾಲಮ್ಮಿನಲ್ಲಿ ತೀರ್ಪು. ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣದಲ್ಲಿದೆ. ಹಸಿರು ಬಣ್ಣವಲ್ಲ ಎಂದು ಬೇರೆ ಹೇಳಬೇಕಿಲ್ಲ.

ಊರಿನ ವಿಚಾರ ಸ್ವಲ್ಪ ಹೇಳಬೇಕು. 2021ರ ಜನಗಣತಿಯ ಪ್ರಕಾರ ಇಲ್ಲಿ ಸುಮಾರು 2 ಲಕ್ಷ 30 ಸಾವಿರ ಜನ. ಮುಂದೆ ನದಿ, ನದಿಯಾಚೆ ಡೆಟ್ರಾಯ್ಟು. ಕೆನಡಾದಿಂದ ಅಮೆರಿಕಕ್ಕೆ ಹೋಗುವವರು ದಕ್ಷಿಣಕ್ಕೆ ಹೋಗುತ್ತಾರೆ ಎಂದು ಯಾರಾದರೂ ಅಂದುಕೊಳ್ಳಬೇಕು. ಇಲ್ಲಿ ಮಾತ್ರ ನದಿ ತಿರುಗಿಕೊಂಡು ಹರಿದಿರುವುದರಿಂದ ಅಮೆರಿಕ ಇರುವುದು ಉತ್ತರಕ್ಕೆ. ಹೋಗಲು ಒಂದು ತೂಗುಸೇತುವೆ, 1929ರದ್ದು. ನದಿಯ ತಳದಲ್ಲಿ ಒಂದು ಸುರಂಗ, 1930ರದ್ದು. ಬೆಳಗಾದರೆ ನರ್ಸುಗಳು, ಎಂಜಿನಿಯರುಗಳು ಇವುಗಳಲ್ಲಿ ದೇಶ ದಾಟಿ ಕೆಲಸಕ್ಕೆ ಹೋಗಿ ಸಂಜೆಗೆ ಮನೆಗೆ ಬರುತ್ತಾರೆ. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ಏನೋ, ರಾಯರ ಪಾಲಿಗೆ ಇವೆರಡೂ ಇರುವುದು ಮಸಾಲೆ ದೋಸೆಗಾಗಿ.

ಏಕೆಂದರೆ ಈ ಕಡೆಯ ಇಂಡಿಯನ್ ಹೋಟೆಲೆಂದರೆ ಬಹುಪಾಲು ಪಂಜಾಬಿ ಹೋಟೆಲು. ಅದರಲ್ಲಿ ವ್ಯಾಪಾರದ ಲೆಕ್ಕಾಚಾರವಿದೆ. ಈರುಳ್ಳಿ ಟೊಮೇಟೊದ್ದೊಂದು ಗ್ರೇವಿ, ಗೋಡಂಬಿಯ ಬಿಳಿಯದೊಂದು, ಪಾಲಕ್‌ದೊಂದು. ಈ ಮೂರು ಬೆಳಿಗ್ಗೆ ತಯಾರಾಗಿ ಕೂತರೆ ಮೆನುವಿನ ಮೂವತ್ತು ಹೆಸರುಗಳು ಸಂಜೆಯವರೆಗೆ ಅವುಗಳಿಂದಲೇ ಹುಟ್ಟುತ್ತವೆ. ದೋಸೆಗೆ ಇಂಥ ಉಪಾಯ ನಡೆಯುವುದಿಲ್ಲ. ನೆನೆಹಾಕಬೇಕು, ರುಬ್ಬಬೇಕು, ಹುಳಿ ಬರಿಸಬೇಕು. ಇಲ್ಲಿಯ ಜನವರಿಯಲ್ಲಿ ಹಿಟ್ಟು ಹುಳಿ ಬರುವುದೆಂದರೆ ದೇವರು ಕಣ್ಣು ಬಿಟ್ಟ ಹಾಗೆ. ಓವನ್ನಿನೊಳಗೆ ಬಲ್ಬು ಹಾಕಿಟ್ಟು ಹಿಟ್ಟಿಗೆ ಬಾಣಂತನ ಮಾಡುವವರ ಮನೆಗಳು ನನಗೆ ಗೊತ್ತು. ಜೊತೆಗೆ ಹೊಯ್ಯುವುದಕ್ಕೆ ಪಳಗಿದ ಕೈ ಬೇರೆ ಬೇಕು. ಹಾಗಾಗಿ ದೋಸೆ ಮೆನುವಿನ ಕೊನೆಯ ಪುಟಕ್ಕೆ ಬಿದ್ದಿರುತ್ತದೆ, "ಸೌತ್ ಇಂಡಿಯನ್ ಕಾರ್ನರ್" ಎಂಬ ತಲೆಬರಹದ ಕೆಳಗೆ. ರಾಯರು ಮೆನು ಓದುವುದು ಹಿಂದಿನಿಂದ ಮುಂದಕ್ಕೆ.

ಒಮ್ಮೆ ವೈಯಾನ್‌ಡಾಟ್ ಬೀದಿಯ ಕಡೆಯ ಒಂದು ಹೋಟೆಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಬಂದವಳು ಲೂಧಿಯಾನದ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್ ಓದುತ್ತಿರುವವಳು. ಇಲ್ಲಿ ಎಲ್ಲ ಹೋಟೆಲೂ ನಡೆಯುವುದು ಇಂಥ ಮಕ್ಕಳಿಂದ. ಪಾಠ ನಡೆಯುವ ವಾರಗಳಲ್ಲಿ 24 ಗಂಟೆಗಿಂತ ಹೆಚ್ಚು ದುಡಿಯಬಾರದೆಂದು ಕಾನೂನು. ರಾಯರು ಇಡ್ಲಿ ಹೇಳಿದರು. ಹುಡುಗಿ ಬರೆದುಕೊಂಡು, ತರಬೇತಿಯಲ್ಲಿ ಹೇಳಿಕೊಟ್ಟ ಪ್ರಕಾರ ವಿನಯದಿಂದ ಕೇಳಿದಳು: "ಖಾರ ಎಷ್ಟಿರಲಿ ಅಂಕಲ್? ಮೈಲ್ಡ್, ಮೀಡಿಯಂ, ಹಾಟ್?"

ಇಡ್ಲಿಗೆ!

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ತೆಗೆದರೆ ಭಾಷಣ ಬರುತ್ತದೆ ಎಂದರ್ಥ. ಉದ್ದಿನಬೇಳೆಗೆ ಎಷ್ಟು ಅಕ್ಕಿ, ರವೆ ಇಡ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದ ಎಂಟಿಆರ್‌ನಲ್ಲಿ ಹೇಗೆ ಹುಟ್ಟಿತು, ಎಂಟಿಆರ್ 1924ರಲ್ಲಿ ಹೇಗೆ ಶುರುವಾಯಿತು ಎಂಬಲ್ಲಿಗೆ ಬರುವಷ್ಟರಲ್ಲಿ ಹುಡುಗಿ ಕಂಗಾಲಾಗಿದ್ದಳು. ರಾಯರಿಗೂ ಕರುಣೆ ಬಂತು. ಯಾವ ಕೋರ್ಸು, ಎಷ್ಟನೇ ಸೆಮಿಸ್ಟರು ಎಂದು ವಿಚಾರಿಸಿ, ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೇಗೆ ಅರ್ಜಿ ಹಾಕಬೇಕೆಂದು ಹೇಳಿ, ಅವಳ ಬಯೋಡೇಟಾ ತಿದ್ದಿಕೊಡುವುದಾಗಿ ಒಪ್ಪಿಕೊಂಡು, ಕೊನೆಗೆ "ಮೀಡಿಯಂ" ಅಂದರು. ಆ ಹುಡುಗಿಗೆ ಆಮೇಲೆ ಅವರೇ ಓಡಾಡಿ ಇಂಟರ್ನ್‌ಶಿಪ್ಪು ಕೊಡಿಸಿದರು. ಹೋಟೆಲಿಗೆ ಮಾತ್ರ ಹತ್ತಕ್ಕೆ ಎರಡು ಅಂಕ.

ಇನ್ನೊಂದು ಕಡೆ ಗೋಬಿ ಮಂಚೂರಿ ಕುಂಕುಮದಂತೆ ಕೆಂಪಗೆ ಬಂತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಮಾಡಿತ್ತಲ್ಲ, ರಾಯರು ಮಾಲೀಕನನ್ನು ಕರೆಸಿ "ನೋಡಿ, ಇದನ್ನ ನಮ್ಮ ಗೌರ್ನಮೆಂಟು ಬ್ಯಾನ್ ಮಾಡಿದೆ" ಎಂದು ಗಂಭೀರವಾಗಿ ತಿಳಿಸಿದರು. ಅಮೃತಸರದ ಆ ಮನುಷ್ಯ ಒಂಟಾರಿಯೋ ಸರ್ಕಾರವೆಂದು ತಿಳಿದು ಗಾಬರಿಯಾಗಿ, ಬಿಲ್ಲಿನಲ್ಲಿ ಗೋಬಿಯ ದುಡ್ಡು ಹೊಡೆದುಹಾಕಿದ. ವಿಧಾನಸೌಧದ ಆಜ್ಞೆ ಇಷ್ಟು ದೂರ ನಡೆದದ್ದು ಅದೊಂದೇ ಸಲ ಇರಬೇಕು.

ಬಿಲ್ಲು ಬಂದಾಗ ರಾಯರ ಎರಡನೆಯ ತಪಾಸಣೆ ಶುರು. ದೋಸೆಗೆ ಹದಿನೈದು ಡಾಲರು, ಶೇಕಡಾ 13 ತೆರಿಗೆ, ಅಲ್ಲಿಗೆ ಸಾವಿರ ರೂಪಾಯಿ. ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿದೆ, ಸಂಬಳ ಡಾಲರಿನಲ್ಲಿ, ಸಾಲ ಡಾಲರಿನಲ್ಲಿ, ದೋಸೆಯೊಂದು ಮಾತ್ರ ಇನ್ನೂ ರೂಪಾಯಿಯಲ್ಲಿ. ಕಾರ್ಡಿನ ಯಂತ್ರ 15, 18, 20 ಎಂದು ಟಿಪ್ಸಿನ ಗುಂಡಿ ತೋರಿಸಿದರೆ, ಅದು ಲೆಕ್ಕ ಹಾಕಿರುವುದು ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ಫೋನಿನಲ್ಲಿ ಗುಣಿಸಿ ನೋಡುತ್ತಾರೆ. "ತೆರಿಗೆ ಮೇಲೂ ಟಿಪ್ಸು ಕೇಳ್ತಾರೆ ನೋಡ್ರೀ!" ಎಂದು ನನಗೆ ತೋರಿಸಿ, ಆಮೇಲೆ ಇಪ್ಪತ್ತನ್ನೇ ಒತ್ತುತ್ತಾರೆ. ಓದುವ ಮಕ್ಕಳು, ಪಾಪ.

ಇಷ್ಟೆಲ್ಲ ಅಧಿಕಾರ ಎಲ್ಲಿಂದ ಬಂತೆಂದು ಕೇಳಿದರೆ "ನಾವೆಲ್ಲ ವಿದ್ಯಾರ್ಥಿ ಭವನದ ದೋಸೆ ತಿಂದು ಬೆಳೆದವರು" ಎನ್ನುತ್ತಾರೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ಆ ಹೋಟೆಲಿನ ಮೇಜು, ಮಾಣಿ, ತಟ್ಟೆಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಅವರ ಮನೆಯವರು ಪಕ್ಕದಲ್ಲಿದ್ದರೆ ಸ್ವಲ್ಪ ಕಷ್ಟ. "ರೀ, ನೀವು ಬೆಳೆದದ್ದು ತಿಪಟೂರಲ್ಲಿ. ಬೆಂಗಳೂರಿಗೆ ಬಂದಿದ್ದು ಹಾಸ್ಟೆಲ್ಲಿಗೆ. ಅಲ್ಲಿಗೆ ನಿಮ್ಮ ಚಿಕ್ಕಪ್ಪ ಕರ್ಕೊಂಡು ಹೋದ್ರೆ ಉಂಟು, ಇಲ್ದಿದ್ರೆ ಇಲ್ಲ." ರಾಯರು ತಿಪಟೂರನ್ನು ಅಲ್ಲಗಳೆಯುವುದಿಲ್ಲ. ಅದನ್ನು ಚಟ್ನಿಯ ವಿಭಾಗಕ್ಕೆ ವರ್ಗಾಯಿಸುತ್ತಾರೆ, ಅಷ್ಟೆ. ತೆಂಗಿನ ಸೀಮೆಯವನ ಮುಂದೆ ಹಿಮಗಟ್ಟಿದ ತುರಿಯ ಚಟ್ನಿ ಇಡುವುದು ಅವರ ದೃಷ್ಟಿಯಲ್ಲಿ ವೈಯಕ್ತಿಕ ಅವಮಾನ.

ಪಕ್ಕದ ಮನೆಯ ಮುದುಕ ಈ ಊರಿನಲ್ಲೇ ಹುಟ್ಟಿದವನು. ವಿಂಡ್ಸರಿನವರಿಗೆ ತಮ್ಮದೇ ಒಂದು ಪಿಜ್ಜಾ ಇದೆ. ಪೆಪರೋನಿಯನ್ನು ಬಿಲ್ಲೆಯಾಗಿ ಹಾಕದೆ ಎಳೆಎಳೆಯಾಗಿ ಹೆಚ್ಚಬೇಕು, ಅಣಬೆ ತಾಜಾ ಆಗಿರಬಾರದು, ಡಬ್ಬಿಯದೇ ಆಗಿರಬೇಕು. ಬೇರೆ ಊರಿನವರು ಇದನ್ನು ಕೆಡಿಸಿದ ಬಗೆಯನ್ನು ಆ ಮುದುಕ ಹಿತ್ತಲ ಬೇಲಿಯ ಮೇಲೆ ಮೊಣಕೈಯೂರಿ ಅರ್ಧ ಗಂಟೆ ವಿವರಿಸಿದ. ಹುಡುಗನಾಗಿದ್ದಾಗ ತಿಂದ ಪಿಜ್ಜಾದ ಮಾತು ಬಂದಾಗ ಅವನ ಕಣ್ಣು ಒದ್ದೆಯಾಯಿತು. ರಾಯರು ತಾಳ್ಮೆಯಿಂದ ಕೇಳಿಸಿಕೊಂಡು ಒಳಗೆ ಬಂದು ಬಾಗಿಲು ಹಾಕಿ, "ಎಂಥೆಂಥ ಹುಚ್ಚರಿರ್ತಾರೆ ನೋಡ್ರೀ ಪ್ರಪಂಚದಲ್ಲಿ. ಒಂದು ತಿಂಡಿಗೆ ಇಷ್ಟು ರಾದ್ಧಾಂತವೇ?" ಅಂದರು. ಅವರ ಮನೆಯವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಆಚೆ ದಡದ ಕಥೆಯೇ ಬೇರೆ. ಮಿಶಿಗನ್ನಿನ ಕ್ಯಾಂಟನ್, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಕಾರು ಕಂಪನಿಗಳ ನಮ್ಮವರು ಬೇಕಾದಷ್ಟಿದ್ದಾರೆ. ಪಂಪನ ಹೆಸರಿನಲ್ಲಿ ಕನ್ನಡ ಕೂಟವಿದೆ, ದಕ್ಷಿಣದ ಹೋಟೆಲುಗಳೂ ಇವೆ. ಅಲ್ಲಿಗೆ ಹೋಗಿಬರಲೆಂದೇ ರಾಯರು ನೆಕ್ಸಸ್ ಕಾರ್ಡು ಮಾಡಿಸಿದ್ದಾರೆ. ಎರಡೂ ದೇಶದವರು ನಿಮ್ಮ ಪೂರ್ವಾಪರ ಜಾಲಾಡಿ, ಸಂದರ್ಶನ ಮಾಡಿ, ಇವರು ಸಂಭಾವಿತರು ಎಂದು ಕೊಡುವ ಕಾರ್ಡು ಅದು. ಐದು ವರ್ಷಕ್ಕೆ 120 ಅಮೆರಿಕನ್ ಡಾಲರು. ಮೊದಲು 50 ಇತ್ತು. ಆ ಏರಿಕೆಯನ್ನೂ ರಾಯರು ದೋಸೆಯ ಬೆಲೆಗೇ ಹಂಚಿ ಲೆಕ್ಕ ಬರೆದಿಟ್ಟಿದ್ದಾರೆ. ಕಾರಿನಲ್ಲಿ ಕೂತವರೆಲ್ಲರಿಗೂ ಕಾರ್ಡಿದ್ದರೆ ಮಾತ್ರ ಆ ಸಾಲು. ನನಗೆ ಕಾರ್ಡಿಲ್ಲ. ನಾನು ಜೊತೆಗಿದ್ದಾಗಲೆಲ್ಲ ಸಾಮಾನ್ಯರ ಸಾಲಿನಲ್ಲಿ ನಿಂತು, ಪಕ್ಕದ ಸಾಲಿನಲ್ಲಿ ಹೋಗುವ ಕಾರುಗಳನ್ನು ರಾಯರು ಒಂದೊಂದಾಗಿ ನೋಡುತ್ತಾರೆ. ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಅಂದಿದ್ದರೇ ವಾಸಿ.

ಈ ಕಾರ್ಡಿನಿಂದ ಒಂದು ಭಯವೂ ಬಂದಿದೆ. ಹೇಳದೆ ಏನನ್ನಾದರೂ ಒಯ್ದು ಸಿಕ್ಕಿಬಿದ್ದರೆ ಕಾರ್ಡು ಕಿತ್ತುಕೊಳ್ಳುತ್ತಾರೆ. ಅಮೆರಿಕದವರಿಗೋ ಹಸಿ ಕರಿಬೇವಿನ ಸೊಪ್ಪು ಕಂಡರಾಗದು. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಕೂತು ಬರುತ್ತದಂತೆ. ಯುಗಾದಿಗೆ ಕೂಟಕ್ಕೆಂದು ಅವರ ಮನೆಯವರು ಪುಳಿಯೋಗರೆ ಮಾಡಿದ್ದರು. ಸುರಂಗದ ಬಾಯಿಗೆ ಇನ್ನೇನು ಬಂದೆವು ಅನ್ನುವಾಗ ರಾಯರಿಗೆ ನೆನಪಾಯಿತು. ಕಾರನ್ನು ಪಕ್ಕಕ್ಕೆ ಹಾಕಿ, ಪಾತ್ರೆ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಎಲೆ ಆರಿಸಿ ತೆಗೆದರು. "ಒಗ್ಗರಣೇಲಿ ಸುಟ್ಟು ಕರಕಲಾಗಿದೆ, ಅದರಲ್ಲಿ ಯಾವ ಹುಳ ಬದುಕಿರುತ್ತೇರೀ?" ಎಂದು ಅವರ ಮನೆಯವರು ಕೇಳಿದ್ದಕ್ಕೆ, "ಅದು ನಿಂಗೊತ್ತು, ನಂಗೊತ್ತು. ಆಫೀಸರ್ಗೆ ಗೊತ್ತಾ?" ಆಫೀಸರು ಕಿಟಕಿಯಲ್ಲಿ ಬಗ್ಗಿ ಕೇಳಿದ್ದು ಪ್ರಯಾಣದ ಉದ್ದೇಶವೊಂದನ್ನೇ. ಹಬ್ಬ, ಊಟ ಎಂದರೆ ಮುಗಿಯುತ್ತಿತ್ತು. ರಾಯರು ಪುಳಿಯೋಗರೆಯ ಸಾಮಗ್ರಿಗಳನ್ನು ಕ್ರಮವಾಗಿ ಹೇಳತೊಡಗಿದರು. ಹುಣಸೆಹಣ್ಣು ದಾಟಿ ಕರಿಯೆಳ್ಳಿಗೆ ಬರುವಷ್ಟರಲ್ಲಿ ಆಫೀಸರು ಕೈ ಬೀಸಿ ಕಳಿಸಿಬಿಟ್ಟ.

ಅಷ್ಟು ಸಾಹಸಪಟ್ಟು ಹೋದ ಕಡೆಯಾದರೂ ತೃಪ್ತಿ ಇದೆಯೇ? ಕ್ಯಾಂಟನ್ನಿನ ದೋಸೆ ಬೆಂಗಳೂರಿನ ದೋಸೆಯ ಹತ್ತಿರ ಸುಳಿಯುವುದಿಲ್ಲ. ಬೆಂಗಳೂರಿಗೆ ಹೋದಾಗ ಅಲ್ಲಿಯ ದೋಸೆ ಮೊದಲಿನ ಹಾಗಿಲ್ಲ. ಮೊದಲಿನದು ಎಷ್ಟು ಚೆನ್ನಾಗಿತ್ತೆಂದು ಕೇಳೋಣವೆಂದರೆ ಚಿಕ್ಕಪ್ಪ ಈಗಿಲ್ಲ. ಮರಳಿ ಬರುವಾಗ ಕೆನಡಾದ ಕಸ್ಟಮ್ಸಿನಲ್ಲಿ ಮತ್ತೊಂದು ಪಾರಾಯಣ. 24 ಗಂಟೆಗಿಂತ ಕಡಿಮೆ ಹೊರಗಿದ್ದವರಿಗೆ ಕೊಂಡ ಸಾಮಾನಿನ ಮೇಲೆ ಯಾವ ವಿನಾಯಿತಿಯೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ, ಹುರಿಗಡಲೆ, ದಪ್ಪ ಅವಲಕ್ಕಿ, ಕಟ್ಟಿಸಿಕೊಂಡು ಬಂದ ಅರ್ಧ ದೋಸೆ ಎಂದು ರಾಯರು ರಸೀದಿ ಸಮೇತ ಒಪ್ಪಿಸುತ್ತಾರೆ.

ಮೊನ್ನೆ ವಾಕರ್ ರಸ್ತೆಯಲ್ಲಿ, ಟೈರು ಅಂಗಡಿಯ ಪಕ್ಕ, ಹೊಸದೊಂದು ಸಣ್ಣ ಹೋಟೆಲು. ಕಾವಲಿಯ ಮುಂದೆ ನಿಂತಿದ್ದವನು ನೇಪಾಳದ ಹುಡುಗ. ರಾಯರು ನನ್ನನ್ನು ನೋಡಿ ಹುಬ್ಬೇರಿಸಿದರು. ಅರ್ಥ: ಇಲ್ಲಿ ಹೆಚ್ಚು ಹೊತ್ತಾಗುವುದಿಲ್ಲ. ಅಷ್ಟರಲ್ಲಿ ನಮ್ಮ ಮಾತು ಕಿವಿಗೆ ಬಿದ್ದ ಆ ಹುಡುಗ ತಿರುಗಿ, "ಸರ್, ಒಂದ್ ಮಸಾಲೆ ಒಂದ್ ಖಾಲಿನಾ?" ಎಂದ.

ಬೆಂಗಳೂರಿನ ವಿಜಯನಗರದ ದರ್ಶಿನಿಯೊಂದರಲ್ಲಿ ವರ್ಷಗಟ್ಟಲೆ ದೋಸೆ ಹೊಯ್ದವನಂತೆ. ದೋಸೆ ಬಂತು. ಅಂಚಿನಲ್ಲಿ ಗರಿ, ನಡುವೆ ಮೆತ್ತಗೆ, ಒಳಗೆ ಕೆಂಪು ಚಟ್ನಿ, ಮೇಲೆ ಬೆಣ್ಣೆ. ರಾಯರು ಮಾತಾಡಲಿಲ್ಲ. ಎರಡನೆಯದು ಹೇಳಿದರು. ಅದನ್ನೂ ಮಾತಿಲ್ಲದೆ ತಿಂದರು. ಅವರ ಮನೆಯವರು ನಗು ತಡೆದುಕೊಂಡು, "ಅಬ್ಬ, ಇನ್ನು ಸುರಂಗ ದಾಟೋದು ತಪ್ಪಿತು" ಅಂದದ್ದೇ ರಾಯರ ಮುಖ ಸಣ್ಣಗಾಯಿತು. ಕಾರ್ಡು ನವೀಕರಿಸಿ ಇನ್ನೂ ತಿಂಗಳಾಗಿರಲಿಲ್ಲ. ಚಟ್ನಿಯನ್ನು ಬೆರಳ ತುದಿಯಲ್ಲಿ ಮತ್ತೊಮ್ಮೆ ನೆಕ್ಕಿ ನೋಡಿದರು. ಹುಡುಗನನ್ನು ಕರೆದರು.

"ಎಲ್ಲ ಸರಿ ಕಣಯ್ಯ. ಚಟ್ನಿಗೆ ಹುರಿಗಡಲೆ ಒಂದು ಹಿಡಿ ಜಾಸ್ತಿ ಬಿದ್ದಿದೆ."

"ಹೌದಾ ಸರ್? ಹೋದ ವಾರ ಬಂದಿದ್ದ ಸರ್ ಕಮ್ಮಿ ಆಯ್ತು ಅಂದ್ರು. ಅದಕ್ಕೇ ಜಾಸ್ತಿ ಹಾಕ್ದೆ."

ರಾಯರು ಲೋಟ ಕೆಳಗಿಟ್ಟರು. "ಯಾವ ಸರ್?"

"ಹೆಸ್ರು ಗೊತ್ತಿಲ್ಲ ಸರ್. ನಿಮ್ಮ ತರಾನೇ ಕನ್ನಡದವರು, ಎಲ್ಲಾನೂ ಫೋನಲ್ಲಿ ಬರ್ಕೊಂಡ್ರು. ಕ್ಯಾಂಟನ್ನಿಂದ ಬ್ರಿಜ್ ದಾಟಿ ಬಂದಿದ್ರಂತೆ. ಆ ಕಡೆ ಎಲ್ಲೂ ಒಳ್ಳೆ ದೋಸೆ ಸಿಗಲ್ವಂತೆ ಸರ್."