ಶ್ರೀಮಾನ್ ಉದ್ರಿ ಪುಸ್ತಕದವರ ಬೀಳ್ಕೊಡುಗೆ ಸಮಾರಂಭದ ಅಭಿನಂದನಾ ಭಾಷಣ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲೆ ಇರಬೇಕಿತ್ತೆಂದು ಮುನಿಸಿಕೊಂಡು ಕೆಳಗೆ ಕುಳಿತಿರುವ ಗಣ್ಯರೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಿಂದ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಂದಿರುವ ಸಾವ್ಕಾರರೇ, ಒಪ್ಪಿಸಲು ಯಾರೂ ಇಲ್ಲದೆ ಶಟರ್ ಅರ್ಧ ಎಳೆದು ಬಂದಿರುವ ಅಕ್ಕಂದಿರೇ,

ಇಂದಿನ ಸನ್ಮಾನಿತರ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಾಗಿಲ್ಲ. ಸಭೆಯಲ್ಲಿರುವ ಅರ್ಧ ಜನರ ಹೆಸರು ಅವರ ಹೊಟ್ಟೆಯೊಳಗೇ ಇದೆ. ಕೆಂಪು ರಟ್ಟು, ಉದ್ದನೆಯ ಮೈಕಟ್ಟು, ದಾರದಲ್ಲಿ ಕಟ್ಟಿಹಾಕಿದ ಬಾಲ್‌ಪೆನ್ನು. ಗಲ್ಲಾ ಪೆಟ್ಟಿಗೆಯ ಪಕ್ಕ, ಊದಿನಕಡ್ಡಿಯ ಬೂದಿ ಬೀಳುವ ಜಾಗವೇ ಅವರ ಕಚೇರಿ. ಮೂಲೆಗಳು ಮಡಚಿವೆ, ಎಣ್ಣೆಯ ಬೆರಳಚ್ಚು ಪುಟಪುಟಕ್ಕೂ ಇದೆ. ಬೇಕಾದರೆ ನಡುವಿನ ಒಂದು ಹಾಳೆ ತೆರೆಯಬಹುದು: ‘ಗಿರಣಿ ಮಗ್ಗಲ ಮನಿ ಅಕ್ಕ — ಎಣ್ಣಿ ಅರ್ಧ ಲೀಟರ್, ಚಾಪುಡಿ, ಸೋಪು 1.’ ಪಕ್ಕದಲ್ಲಿ ಮೊತ್ತ. ಮೊತ್ತದ ಪಕ್ಕದಲ್ಲಿ ಒಂದು ಸಣ್ಣ ಗೀಟು. ಆ ಗೀಟು ಕೊಟ್ಟಿದ್ದಕ್ಕೋ, ಕೇಳಿದ್ದಕ್ಕೋ, ಕೇಳಿ ಬೈಸಿಕೊಂಡಿದ್ದಕ್ಕೋ ಎಂಬುದು ಸಾವ್ಕಾರರಿಗೆ ಮಾತ್ರ ಗೊತ್ತು.

ಸನ್ಮಾನಿತರ ಸೇವಾವಧಿ ದೀರ್ಘವಾದದ್ದು. 1874ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ರೈಲು ಬಂತು, ಅವರು ನೋಡಿದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ವಾಡಿಯ ಎಸಿಸಿ ಸಿಮೆಂಟು 2022ರಲ್ಲಿ ಅದಾನಿ ಸಮೂಹದ ಪಾಲಾಯಿತು, ಸೇಡಂನ ವಾಸವದತ್ತಾ ಸಿಮೆಂಟು 2025ರಲ್ಲಿ ಅಲ್ಟ್ರಾಟೆಕ್‌ಗೆ ಸೇರಿತು. ಸರ್ಕಾರ ಬದಲಾಯಿತು, ಗೇಟಿನ ಮೇಲಿನ ಬೋರ್ಡು ಬದಲಾಯಿತು, ಸನ್ಮಾನಿತರ ಮೂರು ಕಲಮು ಮಾತ್ರ ಬದಲಾಗಲಿಲ್ಲ: ತಾರೀಖು, ಹೆಸರು, ಬಾಕಿ.

ಅವರ ಸಾಧನೆಯನ್ನು ಯಾವ ಬ್ಯಾಂಕೂ ಮುರಿದಿಲ್ಲ. ಅರ್ಜಿಯಿಲ್ಲ, ಜಾಮೀನಿಲ್ಲ, ಎರಡು ಫೋಟೋ ಇಲ್ಲ. ಒಂದು ಕಿಲೋ ಸಕ್ಕರೆ ತೂಗುವಷ್ಟು ಹೊತ್ತಿನಲ್ಲಿ ಸಾಲ ಮಂಜೂರು. ಗುತ್ತಿಗೆ ಕಾರ್ಮಿಕರು ‘ಪಗಾರ ಆದ್ಮ್ಯಾಗ ಕೊಡ್ತೀನ್ರಿ’ ಎಂದರೆ ಒಂದು ತಿಂಗಳು. ರೈತರು ‘ರಾಶಿ ಆದ್ಮ್ಯಾಗ ನೋಡೋಣ್ರಿ’ ಎಂದರೆ ಆರು ತಿಂಗಳು. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್–ಜನವರಿಗಲ್ಲದೆ ಮನೆಗೆ ಬರುವುದಿಲ್ಲ. 2022ರ ಹಂಗಾಮಿನಲ್ಲಿ ತೊಗರಿಗೆ ನೆಟೆ ರೋಗ ಬಡಿದಾಗ ಒಣಗಿದ್ದು ಹೊಲದ ಗಿಡ ಮಾತ್ರವಲ್ಲ, ಸನ್ಮಾನಿತರ ಎಷ್ಟೋ ಪುಟಗಳು ಕೂಡ. ಸರ್ಕಾರ ಪರಿಹಾರ ಕೊಟ್ಟದ್ದು ಬೆಳೆಗೆ; ಪುಟಗಳಿಗಲ್ಲ.

ಇಂಥವರನ್ನು ನಿವೃತ್ತಿಗೊಳಿಸಬೇಕೆ ಎಂದು ಸಮಿತಿಯಲ್ಲಿ ದೀರ್ಘ ಚರ್ಚೆಯಾಯಿತು. ಅವರ ಮೇಲಿರುವ ದೂರು ಒಂದೇ. ಅವರು ಇಡೀ ಊರಿಗೆ ಸಾಲ ಕೊಟ್ಟರೂ, ತಮ್ಮನ್ನು ಸಾಕಿದ ಸಾವ್ಕಾರರಿಗೆ ಸಾಲ ಬೇಕಾದಾಗ ಬ್ಯಾಂಕಿನ ಮೆಟ್ಟಿಲು ಹತ್ತಿ ಸಾಕ್ಷಿ ಹೇಳಲಾರರು. ಇಪ್ಪತ್ತು ವರ್ಷದ ವ್ಯಾಪಾರ ಮ್ಯಾನೇಜರರ ಕಣ್ಣಿಗೆ ಹುಟ್ಟೇ ಇಲ್ಲದ ವ್ಯಾಪಾರ. ಆಗ ಸಾವ್ಕಾರರು ಹೋಗುವುದು ಮೀಟರ್ ಬಡ್ಡಿಯವರ ಹತ್ತಿರ. ಆ ಹಾವಳಿ ಮಿತಿ ಮೀರಿಯೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಬರೆಯಬೇಕಾಯಿತು.

ಅಂತೂ ನಿವೃತ್ತಿಯ ಆದೇಶ ಸಿದ್ಧವಾಗಿತ್ತು. ಅಷ್ಟರಲ್ಲಿ 2025ರ ಜುಲೈ ಬಂತು. ಯುಪಿಐಯಲ್ಲಿ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸು ಬಂದ ಸುದ್ದಿ ಕೇಳಿದ್ದೇ ತಡ, ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸುವ ಕೆಲಸ ಶುರುವಾಯಿತು. ಸನ್ಮಾನಿತರಿಗೆ ಸೇವಾವಧಿ ವಿಸ್ತರಣೆ ಸಿಕ್ಕಿತು. ಆದರೆ ಆ ಗದ್ದಲದ ಒಳಗಿದ್ದ ನಿಯಮವನ್ನು ಸಮಿತಿ ಇಲ್ಲಿ ನೆನಪಿಸಲೇಬೇಕು: ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಬಿಡಿ ಹಾಲಿನಂಥ ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ತೆರಿಗೆಯೇ ಇಲ್ಲ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಇಂಥವರ ಹಳೆಯ ಬಾಕಿ ಕೇಳುವುದಿಲ್ಲವೆಂದೂ ಹೇಳಿದರು. ನೋಟಿಸಿಗೆ ಉತ್ತರ ಕೊಡಲು ಬೇಕಾದದ್ದು ಖರೀದಿ ಬಿಲ್ಲು, ಏನು ಮಾರಿದ್ದೆಂಬ ದಾಖಲೆ. ಅವು ಇದ್ದವರು ಉತ್ತರ ಬರೆದರು. ಇಲ್ಲದವರು ಕ್ಯೂಆರ್ ಕಿತ್ತರು.

ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನ ಅಂಗಡಿಯವರಿಗೆ ಜಿಎಸ್‌ಟಿಯಲ್ಲಿ ಶೇ 1ರ ಕಾಂಪೊಸಿಷನ್ ದಾರಿಯಿದೆ. ಆದರೆ ಗಡಿಯ ಊರಿನವರು ಅದರಲ್ಲಿರುವ ಮುಳ್ಳನ್ನು ನೋಡಿಕೊಳ್ಳಬೇಕು. ಚಿಂಚೋಳಿ, ಸೇಡಂಗಳಿಗೆ ತೆಲಂಗಾಣ ಮಗ್ಗಲಲ್ಲೇ. ತಾಂಡೂರು ಎಂದರೆ ಇಲ್ಲಿಯವರಿಗೆ ಪಕ್ಕದ ಬಜಾರು. ಕಾಂಪೊಸಿಷನ್‌ನಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ತೆರಿಗೆಯ ಸರಕನ್ನು ಗಡಿ ದಾಟಿಸಿ ಮಾರುವವರಿಗೆ 40 ಲಕ್ಷದ ಮಿತಿಯೂ ಅನ್ವಯಿಸದು, ಮೊದಲ ಲಾರಿಗೇ ನೋಂದಣಿ ಬೇಕು. ಕಾಗಿಣಾ ನದಿಯ ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲ, ಜಿಎಸ್‌ಟಿಗೆ ಚೆನ್ನಾಗಿ ಗೊತ್ತಿದೆ.

ಇನ್ನು ಸನ್ಮಾನಿತರ ಉತ್ತರಾಧಿಕಾರಿಗಳ ಪರಿಚಯ.

ಮೊದಲ ವಾರಸುದಾರರು ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ. ಜನನ 2020ರ ಜುಲೈ 1. ಆಧಾರ್ ಸಂಖ್ಯೆ ಹಿಡಿದು ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತಾರೆ. ಅವರ ಹೆಸರಿನಲ್ಲಿ ಸಾವಿರ, ಎರಡು ಸಾವಿರ ಕೇಳುವ ನಕಲಿ ಸಂಬಂಧಿಕರೂ ಬಹಳ ಇದ್ದಾರೆ. ವಿಳಾಸದ ಕೊನೆಗೆ ‘ಜಿಒವಿ ಡಾಟ್ ಇನ್’ ಇಲ್ಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು. ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಯವರಿಗೂ 2021ರಿಂದ ಇಲ್ಲಿ ಜಾಗವಿದೆ, ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ. ಜಿಎಸ್‌ಟಿ ಇಲ್ಲದ ಅತಿಸಣ್ಣವರಿಗಾಗಿ 2023ರಲ್ಲಿ ಉದ್ಯಮ್ ಅಸಿಸ್ಟ್ ಎಂಬ ತಮ್ಮನೂ ಹುಟ್ಟಿದ್ದಾನೆ.

ಎರಡನೆಯವರು ಮುದ್ರಾ ಸಾಲ ಯೋಜನೆ, 2015ರ ಏಪ್ರಿಲ್ 8ರ ಸಂತಾನ. ಶಿಶುವಿಗೆ 50 ಸಾವಿರ, ಕಿಶೋರನಿಗೆ 5 ಲಕ್ಷ, ತರುಣನಿಗೆ 10 ಲಕ್ಷ. ತರುಣನ ಸಾಲ ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ. ‘ಹೊಲದ ಪಹಣಿ ತರ್ರಿ, ಮನಿ ಉತಾರ ತರ್ರಿ’ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ, ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಬರೆದದ್ದನ್ನು ನಗುನಗುತ್ತಾ ಜ್ಞಾಪಿಸಬಹುದು. ಸಾಲ ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳುವ ಹಕ್ಕೂ ಇದೆ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಮಾತಾಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಅವರಿಗೂ ಫೀಸಿಲ್ಲ.

ಮೂರನೆಯವರು ಸಬ್ಸಿಡಿ. ಇವರ ಹೆಸರು ಕೇಳಿದರೆ ಸಭೆಯಲ್ಲಿ ಚಪ್ಪಾಳೆ ತಾನಾಗಿ ಬರುತ್ತದೆ, ಹಾಗಾಗಿ ಲೆಕ್ಕ ಹೇಳಿಬಿಡುವುದು ಒಳ್ಳೆಯದು. ಚಿತ್ತಾಪುರದ ಹಳ್ಳಿಯಲ್ಲಿ ಒಬ್ಬ ಅಕ್ಕ ಪಿಎಂಇಜಿಪಿ ಎಂಬ ಕೇಂದ್ರದ ಯೋಜನೆಯಲ್ಲಿ 10 ಲಕ್ಷದ ಹೊಸ ಘಟಕ ಹಾಕುತ್ತಾರೆ ಎನ್ನೋಣ. ಕೈಯಿಂದ ಹಾಕುವುದು ಶೇ 5, ಅಂದರೆ 50 ಸಾವಿರ. ಗ್ರಾಮೀಣ ಮಹಿಳೆಗೆ ಸಬ್ಸಿಡಿ ಶೇ 35, ಅಂದರೆ ಮೂರೂವರೆ ಲಕ್ಷ. ಆದರೆ ಆ ಮೂರೂವರೆ ಲಕ್ಷ ಅಕ್ಕನ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕುಳಿತು, ಘಟಕ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ನಂಬಿ ಮಗಳ ಮದುವೆ ನಿಶ್ಚಯ ಮಾಡಿದವರು ಈ ವಾಕ್ಯವನ್ನು ಎರಡು ಸಲ ಕೇಳಿಸಿಕೊಳ್ಳಬೇಕು. ಅರ್ಜಿಗೆ ದಾರಿ ತೋರಿಸುವವರು ಕಲಬುರಗಿಯ ಜಿಲ್ಲಾ ಕೈಗಾರಿಕಾ ಕೇಂದ್ರದವರು.

ಬೇಳೆ, ರೊಟ್ಟಿ, ಖಾರಪುಡಿಯಂಥ ತಿನಿಸಿನ ಘಟಕಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ ಬೇರೆ ಇದೆ. ಕೇಂದ್ರದ ಶೇ 35ಕ್ಕೆ ಕರ್ನಾಟಕ ಶೇ 15 ಸೇರಿಸಿ, ಒಟ್ಟು ಶೇ 50, ಗರಿಷ್ಠ 15 ಲಕ್ಷ. ಹಳೆಯ ಘಟಕಕ್ಕೂ ಸಿಗುತ್ತದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೂ ಬಿಡಿ ಚೀಲದಲ್ಲಿ ಹೋದ ಬೇಳೆಯ ಮೇಲೆ ಯಾವ ಊರಿನ ಹೆಸರೂ ಇರುವುದಿಲ್ಲ. ಜೋಳದ ರೊಟ್ಟಿಯ ಹೆಣ್ಣುಮಕ್ಕಳು ಈ ವಿಷಯದಲ್ಲಿ ಗಂಡಸರಿಗಿಂತ ಮುಂದೆ ಹೋದರು. ಜಿಲ್ಲಾಡಳಿತದ ನೆರವಿನಿಂದ ಸ್ವಸಹಾಯ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕಟ್ಟಿ ಮಾರಿದವು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಟ್ಟುವ ಆ ಕೈಗಳ ಸುದ್ದಿ 2025ರ ಜೂನ್ 29ರಂದು ಪ್ರಧಾನಿಯ ‘ಮನ್ ಕಿ ಬಾತ್’ನಲ್ಲೂ ಬಂತು. ರೊಟ್ಟಿ ಅದೇ, ಹಿಟ್ಟೂ ಅದೇ. ಹೊಸದಾಗಿ ಬಂದದ್ದು ಪೊಟ್ಟಣ, ಹೆಸರು, ಬಿಲ್ಲು. ಸಣ್ಣ ತಿನಿಸಿನ ವ್ಯಾಪಾರಕ್ಕೆ ಆಹಾರ ಸುರಕ್ಷತಾ ನೋಂದಣಿಯ ಫೀಸು ವರ್ಷಕ್ಕೆ 100 ರೂಪಾಯಿ ಎಂಬುದನ್ನೂ ಇಲ್ಲೇ ಸೇರಿಸಬಹುದು.

ನಾಲ್ಕನೆಯ ವಾರಸುದಾರರನ್ನು ಶಹಾಬಾದಿನವರು ಎದ್ದು ನಿಂತು ಸ್ವಾಗತಿಸಬೇಕು. ಅಲ್ಲಿಯ ಫರ್ಸಿ ಕಲ್ಲು ನೆಲದೊಳಗೆ ಪದರುಪದರಾಗಿ ಮಲಗಿದೆ. ಉಳಿಯನ್ನು ಸಂದಿಗಿಟ್ಟು, ಸುತ್ತಿಗೆಯ ಸಪ್ಪಳ ಕೇಳಿಯೇ ಪದರು ಬಿಟ್ಟಿತೋ ಇಲ್ಲವೋ ಎಂದು ಹೇಳುವವರು ಖಣಿಯಲ್ಲಿ ಈಗಲೂ ಇದ್ದಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಲ್ಲು ಕೆತ್ತುವವರ ಜತೆ ಕಲ್ಲು ಒಡೆಯುವವರೂ ಸೇರಿದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15 ಸಾವಿರ, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷ. ಮನೆಗೆ ಒಬ್ಬರಿಗೆ ಮಾತ್ರ. ಮುದ್ರಾ ಅಥವಾ ಸ್ವನಿಧಿ ಸಾಲ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ ಬರಬೇಕು.

ಸ್ವನಿಧಿಯವರೆಂದರೆ ತಳ್ಳುಗಾಡಿಯವರ, ವಾಡಿ ಜಂಕ್ಷನ್ನಿನ ಹೊರಗೆ ಮಿರ್ಚಿ ಭಜಿ ಕರಿಯುವವರ ನೆಂಟರು. 2020ರಲ್ಲಿ 10 ಸಾವಿರದಿಂದ ಶುರುವಾಗಿದ್ದವರು 2025ರ ಆಗಸ್ಟಿನ ತೀರ್ಮಾನದಂತೆ 15 ಸಾವಿರ, 25 ಸಾವಿರ, 50 ಸಾವಿರ ಎಂದು ಮೂರು ಮೆಟ್ಟಿಲಾದರು. ಅವಧಿ 2030ರ ಮಾರ್ಚಿನವರೆಗೆ. ಪುರಸಭೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. ಕಂತು ತಪ್ಪದಿದ್ದರೆ ಶೇ 7 ಬಡ್ಡಿ ಮರಳಿ ಖಾತೆಗೆ ಬರುತ್ತದೆ.

ಕೆಲಸವೇ ಬಾರದವರಿಗೆ ಏನು ಎಂದು ಹಿಂದಿನ ಸಾಲಿನ ಯುವಕರು ಕೇಳುತ್ತಿದ್ದಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ಹಿಡಿದು ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತಿವೆ. ಕಲಬುರಗಿಯಲ್ಲೂ ಒಂದಿದೆ. ಊಟ, ವಸತಿ, ಪಾಠ ಮೂರೂ ಪುಕ್ಕಟೆ.

ಇಷ್ಟು ವಾರಸುದಾರರಿದ್ದರೂ ಸನ್ಮಾನಿತರು ಕುರ್ಚಿ ಬಿಟ್ಟು ಏಳುತ್ತಿಲ್ಲ. ಬಲವಂತ ಮಾಡುವುದು ಬೇಡವೆಂದು ಸಮಿತಿ ತೀರ್ಮಾನಿಸಿ, ಅವರನ್ನು ಸಲಹೆಗಾರರಾಗಿ ಮುಂದುವರಿಸಲು ಮೂರು ಷರತ್ತು ಹಾಕಿದೆ. ಪ್ರತಿ ಗಿರಾಕಿಗೆ ಉದ್ರಿಯ ಮಿತಿ ಪುಟದ ನೆತ್ತಿಯಲ್ಲೇ ಬರೆಯಬೇಕು. ಅಂಗಡಿಯ ಹಣ ಮನೆಯ ಖಾತೆಗೆ ಸೇರದೆ ಅಂಗಡಿಯದೇ ಖಾತೆಗೆ ಹೋಗಬೇಕು. ಮ್ಯಾನೇಜರರು ಓದುವುದು ಅದನ್ನೇ. ಖರೀದಿ ಬಿಲ್ಲುಗಳು ಭಜಿಯ ಕಾಗದವಾಗಬಾರದು.

ಕೊನೆಗೆ, ವಂದನಾರ್ಪಣೆಗೆ ಮೊದಲು ಮೈಕ್‌ಸೆಟ್‌ನವರಿಂದ ಒಂದು ಪ್ರಕಟಣೆ ಬಂದಿದೆ. ಪೆಂಡಾಲು, ಮೈಕು, ಕುರ್ಚಿ ಎಲ್ಲವನ್ನೂ ಸಮಿತಿ ಉದ್ರಿ ತಂದಿದೆ. ಅವರು ಉದ್ಯಮ್ ನೋಂದಣಿ ಮಾಡಿಸಿದ ಸೇವಾ ಉದ್ಯಮದವರು ಎಂಬುದು ಸಮಿತಿಗೆ ಈಗಷ್ಟೇ ತಿಳಿಯಿತು. 2006ರ ಕಾಯ್ದೆಯ ಪ್ರಕಾರ ಇಂಥವರ ಬಿಲ್ಲನ್ನು ಕರಾರು ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಬರವಣಿಗೆಯ ಕರಾರೇ ಇಲ್ಲದಿದ್ದರೆ 15 ದಿನದಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬಾಕಿಯ ದೂರು ಕೇಳುವ ಸೌಲಭ್ಯ ಮಂಡಳಿಗೆ ಹೋಗಬಹುದು; ಅದಕ್ಕಾಗಿ 2017ರಲ್ಲಿ ‘ಸಮಾಧಾನ್’ ಜಾಲತಾಣ ಬಂತು. ಶಹಾಬಾದಿನ ಕಲ್ಲು ಪಾಲಿಶ್ ಘಟಕದವರಿಗೂ ಸೇಡಂನ ವೆಲ್ಡಿಂಗ್ ಶಾಪಿನವರಿಗೂ ಈ ಹಕ್ಕಿದೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಮಾತ್ರ ಇಲ್ಲ. ಸರಕು ಕೊಡುವ ಮೊದಲೇ ನೋಂದಣಿ ಆಗಿದ್ದರೆ ವಾದ ಗಟ್ಟಿ.

ಸಮಿತಿ ಕರಾರು ಬರೆದಿರಲಿಲ್ಲ. ಆದ್ದರಿಂದ ಖಜಾಂಚಿಯವರು ಎಲ್ಲಿದ್ದರೂ ವೇದಿಕೆಯ ಹಿಂಭಾಗಕ್ಕೆ ಬರಬೇಕೆಂದು ಕೋರಲಾಗಿದೆ. ಉಳಿದವರಿಗೆ ಬಲಗಡೆಯ ಪೆಂಡಾಲಿನಲ್ಲಿ ಊಟವಿದೆ.