ಪರಿನಿರೀಕ್ಷಣ ಮಂಡಳಿಗೆ ತಾಳಮದ್ದಲೆ ಕೇಳುಗನ ಅರ್ಜಿ

ಮಹಾರಾಷ್ಟ್ರದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಮಾನ್ಯ ಸದಸ್ಯರಿಗೆ,



ನಾಟಕ ರಂಗಕ್ಕೇರುವ ಮೊದಲು ಅದರ ಹಸ್ತಪ್ರತಿ ತಮ್ಮ ಕಣ್ಣಿಗೆ ಬೀಳಬೇಕೆಂಬ ನಿಯಮ ನಮಗೆ ಶಿರೋಧಾರ್ಯ. ಪೇಚಾಟ ಒಂದೇ: ಹೋಟೆಲಿನ ಗಲ್ಲಾ ಮುಚ್ಚಿ ಬಂದ ಕೋಪರಖೈರಣೆಯ ಕನ್ನಡಿಗರು ಕೂತು ಕೇಳುವುದು ತಾಳಮದ್ದಲೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ, ಮದ್ದಲೆ, ಅರ್ಥಧಾರಿಗಳ ಮಾತು, ಅಷ್ಟೇ. ಪ್ರಸಂಗದ ಪದ್ಯಗಳು ಅಚ್ಚಾಗಿವೆ, ಬೇಕಾದರೆ ಮೂರು ಪ್ರತಿ ಕಳಿಸೋಣ. ಅರ್ಥ ಮಾತ್ರ ಕೂತಲ್ಲೇ ಹುಟ್ಟುವಂಥದ್ದು. ಕೃಷ್ಣ ಮಾತು ಮುಗಿಸುವ ತನಕ, ತಾನೇನು ಹೇಳಲಿದ್ದೇನೆಂದು ಕೌರವನಿಗೇ ಗೊತ್ತಿರುವುದಿಲ್ಲ. ತಮ್ಮ ಕೆಂಪು ಶಾಯಿ ಯಾವ ಸಾಲಿನ ಮೇಲೆ ಹರಿಯಬೇಕು?

ಚೆಂಡೆಯದು ಇನ್ನೂ ಕಷ್ಟ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂಬ ಮಿತಿಯಿದೆ, ಒಪ್ಪಿದೆವು. ಆದರೆ ಯಾವ ಪೆಟ್ಟು ಸಭ್ಯ, ಯಾವುದು ಉದ್ಧಟ ಎಂದು ಹೇಳುವ ಮೀಟರು ಇನ್ನೂ ಬಂದಿಲ್ಲ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 22ರಂದು, ಸರ್ಕಾರ ಹೇಳಿತೆಂದು ನಾವು ತಟ್ಟೆ ಬಡಿದೆವು. ಮರುವರ್ಷ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಯಾಂಗೊನ್‌ನ ಜನ ಸೇನಾಡಳಿತದ ವಿರುದ್ಧ ಪಾತ್ರೆ ಬಡಿದರು. ಸದ್ದು ಒಂದೇ. ತಟ್ಟೆಯ ಹಸ್ತಪ್ರತಿ ತರಿಸಿಕೊಂಡಿದ್ದರೆ ವ್ಯತ್ಯಾಸ ತಿಳಿಯುತ್ತಿತ್ತೇ?

ಬ್ರಿಟಿಷರಿಗೂ ಈ ತಲೆನೋವಿತ್ತು. ಮರಾಠಿ ನಾಟಕಕಾರ ಖಾಡಿಲ್ಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂದಾಗ ಜನ ಕೀಚಕನಲ್ಲಿ ವೈಸರಾಯ್ ಆಗಿದ್ದ ಕರ್ಜನ್‌ನನ್ನು ಕಂಡರು. 1910ರಲ್ಲಿ ನಾಟಕಕ್ಕೆ ನಿಷೇಧ ಬಿತ್ತು. ಭೀಮ ಮಾತ್ರ ಆಜ್ಞೆ ಪಾಲಿಸಲಿಲ್ಲ. ನಮ್ಮ ಪ್ರಸಂಗಗಳಲ್ಲಿ ಕೀಚಕನನ್ನು ಈಗಲೂ ಕೊಲ್ಲುತ್ತಿದ್ದಾನೆ. ಬ್ರಿಟಿಷರ 1876ರ ನಾಟಕ ಪ್ರದರ್ಶನ ಕಾಯ್ದೆಯನ್ನು ದಿಲ್ಲಿ 2018ರ ಜನವರಿಯಲ್ಲಿ ರದ್ದು ಮಾಡಿತು. ತಮ್ಮ ಪೂರ್ವಪರಿಶೀಲನೆ ಮಾತ್ರ 1951ರ ಪೊಲೀಸ್ ಕಾಯ್ದೆಯ ಆಸರೆಯಲ್ಲಿ ಸುಖವಾಗಿದೆ. ಅದನ್ನು ಪ್ರಶ್ನಿಸಿ ನಟ ಅಮೋಲ್ ಪಾಲೇಕರ್ 2016ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದರು.

ಆದ್ದರಿಂದ ನಮ್ಮದೊಂದು ಸಲಹೆ. ಕನ್ನಡ ಬಲ್ಲ ಸದಸ್ಯರೊಬ್ಬರನ್ನು ಕಳಿಸಿ. ವೇದಿಕೆಯಲ್ಲಿ ಜಾಗ ಕೊಡುತ್ತೇವೆ, ಶಾಲು ಹೊದಿಸುತ್ತೇವೆ. ಕೌರವನ ಮಾತು ಅತಿಯಾಯಿತೆನಿಸಿದರೆ ಅಲ್ಲೇ ಎದುರು ಅರ್ಥ ಹೇಳಿ ಬಾಯಿ ಮುಚ್ಚಿಸಲಿ. ತಾಳಮದ್ದಲೆ ಒಪ್ಪುವ ಸೆನ್ಸಾರ್ ಅದೊಂದೇ. ಅಂಥ ಮಾತುಗಾರರು ತಮ್ಮಲ್ಲಿಲ್ಲವೆಂದಾದರೆ ಹಸ್ತಪ್ರತಿ ತರಿಸುವ ನಿಯಮವನ್ನೇ ಕೈಬಿಡಿ. ಆಡಿದ ಮಾತು ತಪ್ಪಾದರೆ ವಿಚಾರಿಸಲು ನ್ಯಾಯಾಲಯಗಳಿವೆ. ಆಡದ ಮಾತಿಗೆ ಅಪ್ಪಣೆ ಚೀಟಿ ಕೇಳಬೇಡಿ.

ಇಂತಿ,
ಕೋಪರಖೈರಣೆಯ ಒಬ್ಬ ಕೇಳುಗ